‘ನಮ್ಮ ಕಡೆಯವರು’ ಅಂದ್ರೆ ಎಲ್ಲಿಯ ತನಕ?

ನಮ್ಮ ಮನೆ ಹಿಂದಿನ ರಸ್ತೆಯಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್‌ಗಳು. ಒಂದರಲ್ಲಿ ಲಿಂಗಸುಗೂರು ಕಡೆಯ ಸಂಸಾರ, ಉಳಿದವುಗಳಲ್ಲಿ ಬಿಹಾರದ ಹುಡುಗರು. ಎಲ್ಲರಿಗೂ ಅಕ್ಕಿ, ಎಣ್ಣೆ, ಬೀಡಿ ಎಲ್ಲ ಮೂಲೆಯ ದಿನಸಿ ಅಂಗಡಿಯಲ್ಲೇ. ಅಂಗಡಿಯವರು ಕುಣಿಗಲ್ ಕಡೆಯವರು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆಗಿರಬಹುದು. ಗಲ್ಲಾಪೆಟ್ಟಿಗೆ ಪಕ್ಕ ಒಂದು ಸಾಲದ ಪುಸ್ತಕ ಇಟ್ಟಿದ್ದಾರೆ. ಅದರಲ್ಲಿ ನಮ್ಮ ಮನೆಗೆ ‘ಗ್ರೀನ್ ಗೇಟ್’ ಅಂತ ಹೆಸರು. ಎದುರು ಮನೆಯವರು ‘ಟೀಚರ್’. ಶೆಡ್ಡಿನವರ ಪುಟಗಳಿಗೆ ಮಾತ್ರ ಊರೇ ಹೆಸರು: ‘ರಾಯಚೂರು ಶೆಡ್’, ‘ಬಿಹಾರ್ 1’, ‘ಬಿಹಾರ್ 2’, ‘ಬಿಹಾರ್ 4’.

“ಬಿಹಾರ್ 3 ಎಲ್ಲಿ ಹೋಯ್ತು ಅಣ್ಣಾ?” ಅಂತ ಒಮ್ಮೆ ತಮಾಷೆಗೆ ಕೇಳಿದೆ.

“380 ಬಾಕಿ ಇಟ್ಟು ಹೋದ ಸಾರ್. ಪುಟ ಹರಿದು ಹಾಕ್ದೆ.”

ವಲಸೆಗೂ ನಂಬಿಕೆಗೂ ಇರುವ ಸಂಬಂಧದ ಬಗ್ಗೆ ಅರ್ಥಶಾಸ್ತ್ರದವರು, ಸಮಾಜಶಾಸ್ತ್ರದವರು ರಾಶಿ ರಾಶಿ ಬರೆದಿದ್ದಾರೆ. ಅದನ್ನು ಓದುವಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ. ಪ್ರಶ್ನೆ ಸರಳವಾಗಿದೆ. ಬಡ ದೇಶಗಳಲ್ಲಿ ಜನ ಊರು ಬಿಟ್ಟು ಊರಿಗೆ ಹೋಗಲು ಶುರು ಮಾಡಿದಾಗ ಗುರುತಿಲ್ಲದವರ ಮೇಲಿನ ನಂಬಿಕೆ ಜಾಸ್ತಿ ಆಗುತ್ತದೋ, ಕಮ್ಮಿ ಆಗುತ್ತದೋ? ಉತ್ತರ ಅಷ್ಟು ಸರಳ ಇಲ್ಲ.

ನಮ್ಮ ದೇಶದ ಲೆಕ್ಕವನ್ನೇ ನೋಡಿ. 2011ರ ಜನಗಣತಿ ಪ್ರಕಾರ ಸುಮಾರು 45 ಕೋಟಿ ಜನ ವಲಸಿಗರು. ಹತ್ತು ವರ್ಷ ಹಿಂದೆ ಇದು 31 ಕೋಟಿ ಚಿಲ್ಲರೆ ಇತ್ತು. 2016–17ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಅಂಕಿಗಳನ್ನು ಇಟ್ಟುಕೊಂಡು ಇನ್ನೊಂದು ಅಂದಾಜು ಮಾಡಿತು: ವರ್ಷಕ್ಕೆ ಹತ್ತಿರ ಹತ್ತಿರ 90 ಲಕ್ಷ ಜನ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗುತ್ತಾರೆ. ಸುಗ್ಗಿ ಮುಗಿಸಿ ಗುಳೆ ಹೋಗಿ, ಕಾರ ಹುಣ್ಣಿಮೆ ಹೊತ್ತಿಗೆ ಬಿತ್ತನೆಗೆ ವಾಪಸ್ ಬರುವವರು ಇಂಥ ಲೆಕ್ಕಗಳಲ್ಲಿ ಸರಿಯಾಗಿ ಸಿಗುವುದೇ ಇಲ್ಲ. ಎಣಿಸುವವನು ಬಂದಾಗ ಅವರು ಎಲ್ಲಿರುತ್ತಾರೋ ಯಾರಿಗೆ ಗೊತ್ತು!

ನಂಬಿಕೆಯನ್ನು ಅಳೆಯುವುದು ಇದಕ್ಕಿಂತ ಕಷ್ಟ. ವರ್ಲ್ಡ್ ವ್ಯಾಲ್ಯೂಸ್ ಸರ್ವೆ ಅನ್ನುವ ಸಮೀಕ್ಷೆ ದೇಶ ದೇಶಗಳಲ್ಲಿ ಒಂದೇ ಪ್ರಶ್ನೆ ಕೇಳುತ್ತ ಬಂದಿದೆ. ಸಾಮಾನ್ಯವಾಗಿ ಹೆಚ್ಚಿನ ಜನರನ್ನು ನಂಬಬಹುದಾ, ಅಥವಾ ಜನರ ಜೊತೆ ವ್ಯವಹರಿಸುವಾಗ ಎಷ್ಟು ಹುಷಾರಾಗಿದ್ದರೂ ಸಾಲದಾ? ನಾರ್ವೆ, ಡೆನ್ಮಾರ್ಕ್‌ನಲ್ಲಿ 100ಕ್ಕೆ 70ಕ್ಕಿಂತ ಜಾಸ್ತಿ ಜನ ‘ನಂಬಬಹುದು’ ಅನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾ, ಫಿಲಿಪೀನ್ಸ್‌ನಲ್ಲಿ ಹಾಗೆ ಅನ್ನುವವರು 10 ಜನರೂ ಸಿಗುವುದಿಲ್ಲ. ಇದನ್ನು ಹಿಡಿದುಕೊಂಡು ‘ಬಡ ದೇಶದವರು ಒಬ್ಬರನ್ನೊಬ್ಬರು ನಂಬಲ್ಲ’ ಅಂತ ಷರಾ ಬರೆದುಬಿಡುವವರು ಇದ್ದಾರೆ. ಆದರೆ ‘ಹೆಚ್ಚಿನ ಜನ’ ಅಂದರೆ ಯಾರು? 2011ರಲ್ಲಿ ಯಾನ್ ಡೆಲ್ಹೆ ಮತ್ತು ಜೊತೆಗಾರರು ಇದೇ ಎಳೆ ಹಿಡಿದು ಹೋದರು. ಆ ಮಾತು ಕೇಳಿದಾಗ ಕೆಲವು ದೇಶಗಳಲ್ಲಿ ಜನರ ಕಣ್ಣ ಮುಂದೆ ಬರುವುದು ಬರೀ ನೆಂಟರು, ಅಕ್ಕಪಕ್ಕದವರು. ಬೇರೆ ಕಡೆ ಪೂರಾ ಅಪರಿಚಿತರೂ ಬರುತ್ತಾರೆ. ಅಂದರೆ ನಂಬಿಕೆ ಎಷ್ಟಿದೆ ಅನ್ನುವುದಕ್ಕಿಂತ ಮೊದಲು ಅದು ಎಲ್ಲಿಯ ತನಕ ಹೋಗುತ್ತದೆ ಅಂತ ಕೇಳಬೇಕು.

ಕನ್ನಡದಲ್ಲಿ ಈ ಗಡಿ ಗುರುತಿಸಲು ಸಮೀಕ್ಷೆ ಬೇಡ. ‘ನಮ್ಮ ಕಡೆಯವರು’ ಅನ್ನುವ ಮಾತೇ ಸಾಕು.

ನಮ್ಮದು ಹಾವೇರಿ. ಊರಲ್ಲಿದ್ದಾಗ ಪಕ್ಕದ ತಾಲ್ಲೂಕಿನವರೂ ‘ಆ ಕಡೆಯವರು’ ಆಗಿದ್ದರು. ಹೆಣ್ಣು ತರುವಾಗ, ಎತ್ತು ಕೊಳ್ಳುವಾಗ ಎರಡು ಸಲ ವಿಚಾರಿಸುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೆ ಧಾರವಾಡದಿಂದ ಬೀದರ್ ತನಕ ಎಲ್ಲರೂ ನಮ್ಮ ಕಡೆಯವರಾದರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ‘ಹೌದ್ರೀ’ ಅಂದರೆ ಸಾಕು, ತಿರುಗಿ ನೋಡುತ್ತೇನೆ. ದುಬೈಗೆ ಹೋದ ನನ್ನ ಗೆಳೆಯನಿಗೆ ಮಂಗಳೂರಿನವರು, ಮಂಡ್ಯದವರು ಎಲ್ಲರೂ ನಮ್ಮವರು. ಅಲ್ಲಿ ರೂಮಿನ ಬೀಗದ ಕೈ ಕೊಟ್ಟಿರುವುದು ಕಾಸರಗೋಡಿನ ಮಲಯಾಳಿಗೆ. “ಅವನೂ ನಮ್ಮ ಕಡೆಯವನೇ ಬಿಡೋ” ಅನ್ನುತ್ತಾನೆ. ದೂರ ಹೋದಷ್ಟೂ ‘ನಮ್ಮ ಕಡೆ’ ಅಗಲ ಆಗುತ್ತ ಹೋಗುತ್ತದೆ.

ಇದು ವಲಸೆಯ ಒಂದು ಮುಖ. ಇನ್ನೊಂದು ಮುಖವೂ ಇದೆ. ಬಂದವನು ತನ್ನವರನ್ನು ಅಗಲ ಮಾಡಿಕೊಂಡ ಹಾಗೆಯೇ, ಇದ್ದವರು ಬಂದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತಾರೆ. ಒಡಿಶಾ, ಬಂಗಾಳ, ಅಸ್ಸಾಂ, ನೇಪಾಳ ಎಲ್ಲ ಕಡೆಯಿಂದ ಬಂದವರೂ ಬೆಂಗಳೂರಿನ ಬಾಯಲ್ಲಿ ‘ಹಿಂದಿಯವರು’. ಇವರಲ್ಲಿ ಹೆಚ್ಚಿನವರ ಮನೆ ಮಾತು ಹಿಂದಿ ಅಲ್ಲ ಅನ್ನುವುದು ಬೇರೆ ಮಾತು. ಹಿಂದೆ ಮುಂಬೈ ಬಾಯಲ್ಲಿ ನಾವೂ ಹೀಗೇ ಆಗಿದ್ದೆವು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಉಡುಪಿ ಹೋಟೆಲಿನ ಕನ್ನಡಿಗ, ತಮಿಳು ಗುಮಾಸ್ತ, ಮಲಯಾಳಿ ಟೈಪಿಸ್ಟ್ ಎಲ್ಲರೂ ‘ಮದ್ರಾಸಿ’. ಕಲ್ಲು ತೂರುವವನು ಹೋಟೆಲ್ ಬೋರ್ಡಿನ ಭಾಷೆ ಓದುತ್ತ ನಿಲ್ಲುವುದಿಲ್ಲ.

ಖಾತ್ರಿ ಬೇರೆ, ನಂಬಿಕೆ ಬೇರೆ

‘ಹಿಂದೆ ಹಳ್ಳಿಯಲ್ಲಿ ಎಷ್ಟು ನಂಬಿಕೆ ಇತ್ತು, ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ’ ಅಂತ ಎಲ್ಲರ ಮನೆಯಲ್ಲೂ ಒಬ್ಬ ಅಜ್ಜ ಹೇಳಿರುತ್ತಾರೆ. ಜಪಾನಿನ ಸಾಮಾಜಿಕ ಮನಶ್ಶಾಸ್ತ್ರಜ್ಞ ಟೊಶಿಯೊ ಯಾಮಾಗಿಶಿ ಈ ಮಾತನ್ನು ಒಪ್ಪುತ್ತಿರಲಿಲ್ಲ. ಅವರ ವಾದ ಹೀಗಿತ್ತು. ಎಲ್ಲರಿಗೂ ಎಲ್ಲರೂ ಗೊತ್ತಿರುವ, ಮೋಸ ಮಾಡಿದವನಿಗೆ ಹೋಗಲು ಬೇರೆ ಜಾಗವೇ ಇಲ್ಲದ ಕಡೆ ನಂಬಿಕೆಯ ಅಗತ್ಯವೇ ಬೀಳುವುದಿಲ್ಲ. ಅಲ್ಲಿರುವುದು ಖಾತ್ರಿ. ಅವನು ಒಳ್ಳೆಯವನು ಅಂತ ಅಲ್ಲ, ತಪ್ಪಿಸಿಕೊಂಡು ಹೋಗಲಾರ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ. ನಂಬಿಕೆ ಬೇಕಾಗುವುದು ಹಿನ್ನೆಲೆ ಗೊತ್ತಿಲ್ಲದವನು ಎದುರು ಬಂದು ನಿಂತಾಗ. ಯಾಮಾಗಿಶಿ ಮತ್ತು ಅವರ ಪತ್ನಿ ಮಿದೊರಿ 1994ರಲ್ಲಿ ಜಪಾನ್ ಮತ್ತು ಅಮೆರಿಕವನ್ನು ಹೋಲಿಸಿ ನೋಡಿದರು. ಒಂದೇ ಕಂಪನಿ, ಒಂದೇ ಬಳಗಕ್ಕೆ ಅಂಟಿಕೊಂಡಿದ್ದ ಜಪಾನೀಯರಿಗಿಂತ, ಊರು ಕೆಲಸ ಬದಲಿಸುತ್ತ ಅಲೆಯುವ ಅಮೆರಿಕನ್ನರೇ ಅಪರಿಚಿತರನ್ನು ಹೆಚ್ಚು ನಂಬುತ್ತಿದ್ದರು.

ನಮ್ಮ ಹಳ್ಳಿಗೆ ಇದನ್ನು ಹಾಕಿ ನೋಡಿ, ಅಜ್ಜನ ಮಾತಿನ ಗುಟ್ಟು ಗೊತ್ತಾಗುತ್ತದೆ. ‘ಯಾರ ಪೈಕಿ ನೀನು?’, ‘ಯಾರ ಮಗ?’ ಅನ್ನುವ ಪ್ರಶ್ನೆಗಳು ಕುಶಲ ವಿಚಾರಿಸಲು ಇರುವಂಥವಲ್ಲ. ತಪ್ಪು ಮಾಡಿದರೆ ಯಾರ ಮನೆ ಕಟ್ಟೆಗೆ ಹೋಗಿ ಕೂರಬೇಕು ಅಂತ ಮೊದಲೇ ತಿಳಿದುಕೊಳ್ಳುವ ಉಪಾಯ. ಚಿಲಕ ಹಾಕದೆ ಇದ್ದದ್ದು ನಿಜ. ಯಾಕೆಂದರೆ ಕದ್ದ ತಂಬಿಗೆಯನ್ನು ಅದೇ ಊರಲ್ಲಿ ಮಾರೋದು ಹೇಗೆ? ಇನ್ನು ಕೇರಿಯವರನ್ನು ಆ ಬಾಗಿಲ ಹತ್ತಿರ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಅಜ್ಜನ ಕಥೆಯಲ್ಲಿ ಆ ಭಾಗ ಬರುವುದಿಲ್ಲ.

ಮದುವೆಯ ವಿಷಯದಲ್ಲೂ ಅಷ್ಟೆ. ಜನಗಣತಿಯ 45 ಕೋಟಿ ವಲಸಿಗರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಮದುವೆಯಾಗಿ ಊರು ಬಿಟ್ಟವರು, ಅಂದರೆ ಹೆಣ್ಣುಮಕ್ಕಳು. ವಲಸೆ ಅಂದ ತಕ್ಷಣ ನಮಗೆ ರೈಲಿನ ಜನರಲ್ ಬೋಗಿಯಲ್ಲಿ ನಿಂತ ಗಂಡಸು ಕಾಣುತ್ತಾನೆ. ಕೈಯಲ್ಲಿ ಮಡಿಲಕ್ಕಿ ಹಿಡಿದು ಟೆಂಪೊ ಹತ್ತಿದ ಹುಡುಗಿ ಕಾಣುವುದಿಲ್ಲ. ದಕ್ಷಿಣದಲ್ಲಿ ನಾವು ಇದಕ್ಕೊಂದು ದಾರಿ ಕಂಡುಕೊಂಡಿದ್ದೇವೆ: ಸೋದರಮಾವನಿಗೋ, ಅತ್ತೆ ಮಗನಿಗೋ ಕೊಡುವುದು. ‘ಹಳೇ ಸಂಬಂಧ, ಗೊತ್ತಿರೋ ಮನೆ.’ ಗುರುತಿಲ್ಲದವರನ್ನು ನಂಬುವ ಕಷ್ಟವನ್ನೇ ತಪ್ಪಿಸಿಬಿಡುವ ದಾರಿ ಇದು. ಇದಕ್ಕೆ ತಿರುಗಾಮುರುಗಾ ಲೆಕ್ಕವೂ ಇದೆ. ದಕ್ಷಿಣ ಭಾರತದ ಒಣಬೇಸಾಯದ ಕೆಲವು ಹಳ್ಳಿಗಳನ್ನು ನೋಡಿ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಒಂದು ಸೂಕ್ಷ್ಮ ಗುರುತಿಸಿದರು. ಮಗಳನ್ನು ದೂರದ ಊರಿಗೆ ಕೊಡುವುದು ಮಳೆಯ ವಿರುದ್ಧ ಇಳಿಸಿದ ವಿಮೆಯಂತೆ. ಇಲ್ಲಿ ಮಳೆ ಕೈಕೊಟ್ಟ ವರ್ಷ ಬೀಗರ ಊರಲ್ಲಿ ಬಂದಿರಬಹುದು, ಕೈಗಡ ಸಿಗುತ್ತದೆ.

ಅದೇ ರೋಸೆನ್‌ಜ್ವೈಗ್ ಮುಂದೆ ಕೈವಾನ್ ಮುನ್ಷಿ ಜೊತೆ ಸೇರಿ 2016ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿದರು. ಭಾರತದಲ್ಲಿ ಹಳ್ಳಿಗೂ ಪೇಟೆಗೂ ಕೂಲಿಯಲ್ಲಿ, ಪೇಟೆಯ ಖರ್ಚು ಕಳೆದ ಮೇಲೂ, ಶೇ. 25ಕ್ಕಿಂತ ಜಾಸ್ತಿ ಅಂತರ ಇದೆ. ಆದರೂ ಗಂಡಸರು ಊರನ್ನು ಪೂರ್ತಿ ಬಿಟ್ಟು ಹೋಗುವುದು ಯಾಕೆ ಇಷ್ಟು ಕಡಿಮೆ? ಅವರ ಉತ್ತರ: ಜಾತಿ. ಕಾಯಿಲೆ ಬಿದ್ದಾಗ, ಬೆಳೆ ಹೋದಾಗ ಬಡ್ಡಿಯಿಲ್ಲದೆ ಕೈಗೆ ದುಡ್ಡು ಸಿಗುವುದು ಜಾತಿಯ ಬಳಗದಲ್ಲಿ. ಊರು ಬಿಟ್ಟವನ ಮೇಲೆ ಆ ಬಳಗಕ್ಕೆ ಹಿಡಿತ ತಪ್ಪುತ್ತದೆ, ಹಿಡಿತ ತಪ್ಪಿದವನಿಗೆ ಸಾಲ ಕೊಡುವುದು ಯಾರು? ಹಾಗಾಗಿ ಮನುಷ್ಯ ಹೋದರೂ ಅರ್ಧ ಹೋಗುತ್ತಾನೆ. ಸಂಸಾರ ಊರಲ್ಲಿ, ದುಡಿಮೆ ಪೇಟೆಯಲ್ಲಿ. ಗುಳೆ ಅನ್ನುವುದು ಬಡತನ ಒಂದರಿಂದಲೇ ಹುಟ್ಟಿದ್ದಲ್ಲ. ಊರಿನ ಖಾತ್ರಿಯನ್ನು ಕೈಬಿಡಲಾರದೆ, ಪೇಟೆಯಲ್ಲಿ ಅಂಥ ಇನ್ನೊಂದು ಖಾತ್ರಿ ಸಿಗದೆ ನಡುವೆ ಓಡಾಡುವುದೇ ಗುಳೆ.

ಅಡ್ವಾನ್ಸ್ ಎಂಬ ಅಳತೆಗೋಲು

ಹೀಗೆ ಅರ್ಧ ಬಂದವನಿಗೆ ಜಾಮೀನು ಯಾರು? ಇದೇ ಇಡೀ ವಿಷಯದ ಕೀಲು ಅಂತ ನನ್ನ ಅನಿಸಿಕೆ. ವಲಸೆ ತಾನಾಗಿ ನಂಬಿಕೆ ಬೆಳೆಸುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಹೊಸಬನ ಪರವಾಗಿ ಯಾರು ನಿಲ್ಲುತ್ತಾರೆ, ನಿಂತದ್ದಕ್ಕೆ ಎಷ್ಟು ಕಿತ್ತುಕೊಳ್ಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕಟ್ಟಡದ ಕೆಲಸದಲ್ಲಿ ಆ ಮನುಷ್ಯ ಮೇಸ್ತ್ರಿ. ಲಿಂಗಸುಗೂರಿನ ಸಂಸಾರವನ್ನು ಕರೆತಂದಿದ್ದವನು ಅವರದೇ ಕಡೆಯವನು. ಮೊದಲ ದಿನದ ಮಾತುಕತೆ ನನಗೆ ಕೇಳಿಸಿತ್ತು. ಟ್ರ್ಯಾಕ್ಟರಿನಿಂದ ಸಿಮೆಂಟ್ ಇಳಿಸಲು ಬಂದಿದ್ದ ಇನ್ನೊಬ್ಬ ಕೇಳಿದ, “ಯಾವೂರ್ರೀ ನಿಮ್ದು?”

“ಲಿಂಗಸೂರು ಕಡಿ ರೀ ಅಣ್ಣಾರ.”

“ಹೌದೇನ್ರಿ? ನಮ್ದು ಮುದಗಲ್ಲು!”

ಅಷ್ಟೇ. ಆ ರಾತ್ರಿ ಅವನು ತನ್ನ ಶೆಡ್ಡಿನಿಂದ ಹಳೆಯ ಟಾರ್ಪಾಲು ತಂದುಕೊಟ್ಟ.

ಆದರೆ ಲೆಕ್ಕ ಇರುವುದು ಮೇಸ್ತ್ರಿ ಕೈಯಲ್ಲಿ. ವಾರಕ್ಕೊಮ್ಮೆ ಕೊಡುವುದು ಪೂರ್ತಿ ಕೂಲಿ ಅಲ್ಲ, ಬರೀ ಖರ್ಚಿಗೆ. ಉಳಿದದ್ದು ಊರಿಗೆ ಹೋಗುವಾಗ. ಎಷ್ಟು ದಿನ ಕೆಲಸ, ಎಷ್ಟು ಬಾಕಿ ಎಲ್ಲ ಅವನ ಡೈರಿಯಲ್ಲಿ. ಆ ಹೆಣ್ಣುಮಗಳು ಶೆಡ್ಡಿನ ತಗಡಿನ ಮೇಲೆ ಇದ್ದಿಲಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದಳು. ಕೆಲಸ ಇಲ್ಲದ ದಿನ ಗೀಟಿಗೆ ಬದಲು ಸೊನ್ನೆ. “ಅಂವ ನಮ್ಮಾಂವನ ಅದಾನ್ರೀ, ಮೋಸ ಮಾಡಂಗಿಲ್ಲ” ಅಂದಳು. ಮತ್ತೆ ಗೀಟು ಯಾಕೆ ಅಂತ ನಾನು ಕೇಳಲಿಲ್ಲ.

ಕಬ್ಬು ಕಡಿಯುವವರಲ್ಲಿ ಇದು ಇನ್ನೂ ಬಿಗಿಯಾಗಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಗ್ಯಾಂಗ್‌ಗಳು ಬರುತ್ತವೆ. ವಿಜಯಪುರದ ತಾಂಡಾಗಳಿಂದ ಮಹಾರಾಷ್ಟ್ರಕ್ಕೂ ಹೋಗುತ್ತವೆ. ಹಂಗಾಮು ಶುರುವಾಗುವ ತಿಂಗಳುಗಳ ಮೊದಲೇ ಮುಂಗಡ ಕೈ ಸೇರಿರುತ್ತದೆ. ಗಂಡ ಹೆಂಡತಿ ಸೇರಿದರೆ ಒಂದು ಘಟಕ, ಮರಾಠಿಯಲ್ಲಿ ‘ಕೋಯ್ತಾ’ ಅನ್ನುತ್ತಾರೆ. ಕೋಯ್ತಾ ಅಂದರೆ ಕಬ್ಬು ಕಡಿಯುವ ಮಚ್ಚು. ಇಬ್ಬರು ಮನುಷ್ಯರಿಗೆ ಒಂದು ಮಚ್ಚಿನ ಹೆಸರು! ಮುಂಗಡ ಯಾಕೆ? ಇವರು ಬರುತ್ತಾರೆ ಅಂತ ಮಾಲೀಕನಿಗೆ ನಂಬಿಕೆ ಇಲ್ಲ. ಕೊನೆಗೆ ಪೂರ್ತಿ ಕೂಲಿ ಸಿಗುತ್ತದೆ ಅಂತ ಇವರಿಗೂ ನಂಬಿಕೆ ಇಲ್ಲ. ಗ್ಯಾಂಗ್ ಮುಂಗಡ ತಗೊಂಡು ನಾಪತ್ತೆ ಆಗಿ ಟ್ರ್ಯಾಕ್ಟರ್ ಮಾಲೀಕ ಸಾಲಕ್ಕೆ ಸಿಕ್ಕಿಬಿದ್ದ ಸುದ್ದಿ ಆ ಕಡೆ ಪ್ರತಿ ಹಂಗಾಮಿನಲ್ಲೂ ಇರುತ್ತದೆ. ಮುಂಗಡ ತೀರಿಲ್ಲ ಅಂತ ಕೂಲಿಯವರನ್ನು ಬಿಡದೆ ಕೂಡಿಹಾಕಿದ ಸುದ್ದಿಯೂ ಇರುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಮುಂಗಡಕ್ಕೆ ದೇಹವನ್ನು ಒತ್ತೆ ಇಡುವುದು ಅಂದಿನಿಂದ ಅಪರಾಧ.

ಈಗ ಬೆಂಗಳೂರಿನ ಬಾಡಿಗೆ ಮನೆಗೆ ಬನ್ನಿ. ಇಲ್ಲೂ ಅಡ್ವಾನ್ಸ್, ದಿಕ್ಕು ಮಾತ್ರ ಉಲ್ಟಾ. ನಾನು ಈ ಊರಿಗೆ ಬಂದ ಹೊಸದರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಎಣಿಸಿ ಕೊಟ್ಟಿದ್ದೆ. ಕೊಡುವ ಮೊದಲು ಓನರ್ ಆಂಟಿ ಮೂರು ಪ್ರಶ್ನೆ ಕೇಳಿದರು. ಯಾವ ಊರು, ಯಾವ ಜನ, ಮಾಂಸ ತಿಂತೀರಾ. ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳು ಮುರಿದರು. ಗೋಡೆಯ ಎರಡು ಮೊಳೆ ತೂತಿಗೆ ಇನ್ನೊಂದಿಷ್ಟು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಇರಲಿ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಠೇವಣಿ ಸಾಕು ಅನ್ನುತ್ತದೆ. ಆದರೆ ಮಾದರಿ ಅಂದರೆ ಮಾದರಿ ಅಷ್ಟೆ.

ಓನರ್ ಆಂಟಿಯ ಕಡೆಯಿಂದಲೂ ಯೋಚಿಸಬೇಕು. ಬಾಡಿಗೆ ಕೊಡದೆ ಕೂತವನನ್ನು ಕೋರ್ಟಿನಿಂದ ಬಿಡಿಸಲು ವರ್ಷಗಳೇ ಬೇಕು. ಪೊಲೀಸ್ ಸ್ಟೇಷನ್ನಿಗೆ ಹೋದರೆ ‘ಸಿವಿಲ್ ಮ್ಯಾಟರ್’ ಅನ್ನುತ್ತಾರೆ. ಅವರಿಗೆ ಇರುವ ಒಂದೇ ಹಿಡಿತ ಆ ಹತ್ತು ತಿಂಗಳ ದುಡ್ಡು. ಕಬ್ಬಿನ ಗ್ಯಾಂಗಿನ ಮುಂಗಡ, ಬಾಡಿಗೆ ಮನೆಯ ಅಡ್ವಾನ್ಸ್ ಎರಡೂ ಒಂದೇ ಜಾತಿಯವು. ವ್ಯವಹಾರ ಕೆಟ್ಟರೆ ಬೇಗ ನ್ಯಾಯ ಕೊಡುವ ಜಾಗ ಇಲ್ಲದ ಕಡೆ, ನಂಬಿಕೆಯ ಜಾಗದಲ್ಲಿ ದುಡ್ಡು ಕೂರುತ್ತದೆ. ಸಣ್ಣ ಕೋರ್ಟು ಆರು ತಿಂಗಳಲ್ಲಿ ತೀರ್ಪು ಕೊಡುವ ಊರಿನಲ್ಲಿ ಅಡ್ವಾನ್ಸ್ ತಾನಾಗೇ ಇಳಿಯುತ್ತದೆ ಅಂತ ನನಗೆ ಅನಿಸುತ್ತದೆ. ಇದು ಜನರ ಸ್ವಭಾವದ ವಿಷಯಕ್ಕಿಂತ ಕಚೇರಿಗಳ ವಿಷಯ.

ಈಚೆಗೆ ಜಾಮೀನಿನ ಜಾಗಕ್ಕೆ ಯಂತ್ರ ಬಂದಿದೆ. ಮುಂಚೆ ಊರಿಗೆ ದುಡ್ಡು ಕಳಿಸುವುದು ಹೇಗಿತ್ತು? ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಟ್ಟು, “ಸ್ಟ್ಯಾಂಡಲ್ಲಿ ನಮ್ಮ ತಮ್ಮ ಬರ್ತಾನ್ರೀ, ಕೊಟ್ಟುಬಿಡ್ರಿ” ಅನ್ನುವುದು. ಕೀನ್ಯಾದಲ್ಲೂ ಹೀಗೇ ಬಸ್ಸಿನವರ ಕೈಲಿ ದುಡ್ಡು ಹೋಗುತ್ತಿತ್ತು. 2007ರಲ್ಲಿ ಅಲ್ಲಿ ಎಂ–ಪೆಸಾ ಬಂತು, ಸಾದಾ ಮೊಬೈಲಿನಲ್ಲೇ ಹಣ ಕಳಿಸುವ ವ್ಯವಸ್ಥೆ. ಅದನ್ನು ಬಳಸುತ್ತಿದ್ದ ಮನೆಗಳು ಕಾಯಿಲೆ, ಕೆಲಸ ಹೋಗುವುದು ಇಂಥ ಹೊಡೆತ ಬಿದ್ದಾಗಲೂ ಊಟ ತಿಂಡಿ ಕಡಿಮೆ ಮಾಡಬೇಕಾಗಲಿಲ್ಲ ಅಂತ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ತೋರಿಸಿದರು. ದೂರ ಇದ್ದವರೂ ತಕ್ಷಣ ಕೈ ನೀಡಬಹುದಿತ್ತು. ನಮ್ಮ ಯುಪಿಐ ಕೂಡ ಅದೇ ಕೆಲಸ ಮಾಡುತ್ತಿದೆ. ಆದರೆ ಅಂಗಡಿ ಮುಂದೆ ನಿಂತು ನೋಡಿ. ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಡಬ್ಬಿ ಕೂಗುವ ತನಕ ಬಿಹಾರದ ಹುಡುಗನ ಕೈಗೆ ಹಾಲಿನ ಪ್ಯಾಕೆಟ್ ಬರುವುದಿಲ್ಲ. ಅವನ ಮುಖ ನೋಡುವ ಅಗತ್ಯವೇ ಇಲ್ಲ. ಇದು ಯಾಮಾಗಿಶಿ ಹೇಳಿದ ಖಾತ್ರಿಯೇ, ಹಳ್ಳಿಯ ಕಟ್ಟೆಯಿಂದ ಎದ್ದು ಡಬ್ಬಿಯೊಳಗೆ ಹೋಗಿ ಕೂತಿದೆ.

ಒಂದು ಎಸ್ಸೆಮ್ಮೆಸ್ ಸಾಕು

ಖಾತ್ರಿಯ ತೊಂದರೆ ಏನೆಂದರೆ ಅದು ಮಾಮೂಲಿ ದಿನಕ್ಕೆ ಸಾಕಾಗುತ್ತದೆ, ಕೆಟ್ಟ ದಿನಕ್ಕೆ ಸಾಲುವುದಿಲ್ಲ.

2012ರ ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನ ರೈಲು ನಿಲ್ದಾಣ ಈಶಾನ್ಯದ ಹುಡುಗ ಹುಡುಗಿಯರಿಂದ ತುಂಬಿಹೋಯಿತು. ಅಸ್ಸಾಮಿನಲ್ಲಿ ಆಗ ಗಲಭೆ. ಅದಕ್ಕೆ ಸೇಡಾಗಿ ಇಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಡಿತ್ತು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಮಂತ್ರಿಗಳು ಪ್ಲಾಟ್‌ಫಾರಂಗೆ ಹೋಗಿ ಹೋಗಬೇಡಿ ಅಂತ ಕೇಳಿಕೊಂಡರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸದಂತೆ ಮಿತಿ ಹಾಕಿತು. ಹೋದವರು ನಿನ್ನೆ ಮೊನ್ನೆ ಬಂದವರಲ್ಲ. ಸೆಕ್ಯೂರಿಟಿ, ಹೋಟೆಲ್, ಬ್ಯೂಟಿ ಪಾರ್ಲರ್, ಕಾಲೇಜು ಅಂತ ವರ್ಷಗಳಿಂದ ಇದ್ದವರೂ ಅವರಲ್ಲಿದ್ದರು. ಪೊಲೀಸ್ ಕಮಿಷನರ್ ಮಾತಿಗಿಂತ ಊರಿನಿಂದ ಬಂದ ಅಮ್ಮನ ಫೋನು ಅವರಿಗೆ ದೊಡ್ಡದಾಯಿತು. ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬರೀ ತಮ್ಮವರ ಜೊತೆ ರೂಮು, ತಮ್ಮವರ ಜೊತೆ ಊಟ, ತಮ್ಮವರ ಜೊತೆ ಭಾನುವಾರ. ‘ಏನೂ ಆಗಲ್ಲ, ನಮ್ಮ ಮನೇಲಿ ಇದ್ದುಬಿಡು’ ಅನ್ನಲು ಎಷ್ಟು ಜನರಿಗೆ ಪಕ್ಕದ ಮನೆ ಅಂತ ಒಂದಿತ್ತು? ಒಳಗೆ ಗಟ್ಟಿಯಾಗಿದ್ದ ಬಳಗವೇ ಗಾಳಿಸುದ್ದಿಯನ್ನು ಅಷ್ಟು ಬೇಗ ಹೊತ್ತೊಯ್ದಿತು.

2018ರಲ್ಲಿ ಭಯ ಆಚೆ ಕಡೆಯಿಂದ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್ಆ್ಯಪ್ ವದಂತಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತ. ಅವನೂ ಅವನ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಗುರುತಿಲ್ಲದವನ ಕೈಯಲ್ಲಿ ಚಾಕಲೇಟ್ ಇದ್ದದ್ದೇ ಸಾಕ್ಷಿಯಾಗಿಬಿಟ್ಟಿತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಐದು ಚಾಟ್‌ಗೆ ಇಳಿಸಿತು. ಐದು ಅನ್ನುವ ಸಂಖ್ಯೆ ಎರಡೂ ಸಲ ಹೇಗೆ ಬಂತೋ!

2020ರಲ್ಲಿ ಸರ್ಕಾರದ್ದೇ ಸರದಿ. ಲಾಕ್‌ಡೌನ್ ಘೋಷಣೆಗೂ ಜಾರಿಗೂ ನಡುವೆ ಸಿಕ್ಕಿದ್ದು ನಾಲ್ಕು ಗಂಟೆ. ಮೇ 5ರಂದು ಕರ್ನಾಟಕ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ಕಾರ್ಮಿಕರ ವಿಶೇಷ ರೈಲು ಬೇಡ ಅಂತ ರೈಲ್ವೆಗೆ ಬರೆಯಿತು. ಕೂಗು ಎದ್ದ ಮೇಲೆ ಎರಡೇ ದಿನಕ್ಕೆ ಮನಸ್ಸು ಬದಲಾಯಿಸಿತು. ಆ ಎರಡು ದಿನದಲ್ಲಿ ಎಷ್ಟೋ ಜನ ನಡೆಯಲು ಶುರು ಮಾಡಿದ್ದರು.

ಇದೆಲ್ಲ ಸುಮ್ನೆ ಮರೆತುಹೋಗುತ್ತದೆ ಅಂದುಕೊಳ್ಳಬೇಡಿ. ನಂಬಿಕೆಯ ಗಾಯ ತಲೆಮಾರು ದಾಟುತ್ತದೆ. ನೇಥನ್ ನನ್ ಮತ್ತು ಲಿಯೊನಾರ್ಡ್ ವಾಂಚೆಕಾನ್ 2011ರಲ್ಲಿ ಆಫ್ರಿಕಾದ ಬಗ್ಗೆ ಇದನ್ನೇ ತೋರಿಸಿದ್ದು. ಗುಲಾಮರ ವ್ಯಾಪಾರದಲ್ಲಿ ಯಾವ ಬುಡಕಟ್ಟಿನಿಂದ ಹೆಚ್ಚು ಜನರನ್ನು ಹಿಡಿದೊಯ್ದಿದ್ದರೋ, ಆ ಬುಡಕಟ್ಟಿನ ಇವತ್ತಿನ ಮಕ್ಕಳು ನೆಂಟರನ್ನೂ ನೆರೆಯವರನ್ನೂ ಸ್ಥಳೀಯ ಸರ್ಕಾರವನ್ನೂ ಕಡಿಮೆ ನಂಬುತ್ತಾರೆ. ಆ ವ್ಯಾಪಾರದಲ್ಲಿ ಎಷ್ಟೋ ಸಲ ಹಿಡಿದು ಮಾರುತ್ತಿದ್ದವರು ಗೊತ್ತಿದ್ದವರೇ, ಒಮ್ಮೊಮ್ಮೆ ಮನೆಯವರೇ. ಜನ ಊರು ಬಿಟ್ಟದ್ದು ಒಂದೇ, ಆದರೆ ತಾವಾಗಿ ಬಿಟ್ಟರೋ ಎಳೆದೊಯ್ದರೋ ಅನ್ನುವುದು ಎಲ್ಲವನ್ನೂ ಬದಲಿಸುತ್ತದೆ.

ತಾವಾಗಿ, ಒಳ್ಳೆಯ ರೀತಿಯಲ್ಲಿ ಹೋದಾಗ ಏನಾಗುತ್ತದೆ? ನಿಖರ್ ಗಾಯಕ್‌ವಾಡ್ ಮತ್ತು ಜೊತೆಗಾರರು ಮಿಜೋರಾಮಿನ ಯುವಕರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಹೋಟೆಲ್ ಕೆಲಸದ ತರಬೇತಿ ಕೊಡಿಸಿ, ಕೊಲ್ಲಿ ದೇಶಗಳ ಕೆಲಸಕ್ಕೆ ದಾರಿ ಮಾಡಿಕೊಟ್ಟರು. ಬೇರೆ ಧರ್ಮ, ಬೇರೆ ದೇಶದವರ ಜೊತೆ ದುಡಿದು ಬದುಕಿದವರಲ್ಲಿ ಪರರ ಬಗ್ಗೆ ಸಹನೆ ಹೆಚ್ಚಾಗಿತ್ತು. ಇದಕ್ಕೆ ಜೊತೆಯಾಗಿ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಮಾಡಿದ ಕ್ರಿಕೆಟ್ ಪ್ರಯೋಗ ಇದೆ. ಬೇರೆ ಬೇರೆ ಜಾತಿಯ ಹುಡುಗರನ್ನು ಒಂದೇ ತಂಡಕ್ಕೆ ಹಾಕಿದಾಗ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರು ತಂಡವಾಗಿ ಆಡಿದವರಲ್ಲಿ ಒಡನಾಟ ಇನ್ನೂ ಕಡಿಮೆಯಾಯಿತು. ಬರೀ ಒಂದೇ ಊರಲ್ಲಿ ಇದ್ದರೆ ಸಾಲದು, ಒಂದೇ ತಂಡದಲ್ಲಿ ಇರಬೇಕು. ಮೇಸ್ತ್ರಿಗಳು ಊರಿಗೊಂದು, ಭಾಷೆಗೊಂದು ಗ್ಯಾಂಗ್ ಮಾಡಿ, ‘ಅವರು ಕಡಿಮೆಗೆ ಬರ್ತಾರೆ’ ಅಂತ ಇವರಿಗೆ, ‘ಇವರು ಕಡಿಮೆಗೆ ಬರ್ತಾರೆ’ ಅಂತ ಅವರಿಗೆ ಹೇಳುವುದನ್ನು ನೋಡಿದರೆ, ನಾವು ಎಲ್ಲರನ್ನೂ ಎದುರು ತಂಡ ಮಾಡಿ ಇಟ್ಟಿದ್ದೇವೆ ಅಲ್ವಾ?

ಕೊನೆಯದಾಗಿ ಒಂದು ಪ್ರಯೋಗ. ಅದೇ ಗಾಯಕ್‌ವಾಡ್, ಗ್ಯಾರೆತ್ ನೆಲ್ಲಿಸ್ ಜೊತೆ ಸೇರಿ ದೇಶದ ಹಲವು ನಗರಗಳ ಕಾರ್ಪೊರೇಟರ್‌ಗಳಿಗೆ ಜನರ ಹೆಸರಲ್ಲಿ ಸಹಾಯ ಕೇಳಿ ಪತ್ರ ಬರೆದರು. ಊರಿನ ಹಳಬ ಅಂತ ಬರೆದವನಿಗೆ ಹೋಲಿಸಿದರೆ ಹೊಸದಾಗಿ ಬಂದವನು ಅಂತ ಬರೆದವನಿಗೆ ಉತ್ತರ ಸಿಗುವ ಸಾಧ್ಯತೆ ಶೇ. 23ರಷ್ಟು ಕಡಿಮೆ. ದ್ವೇಷ ಇರಬಹುದು ಅಂತ ಹುಡುಕಿದರೆ ಸಿಕ್ಕ ಕಾರಣ ಬೇರೆ: ಇವನ ವೋಟು ಇಲ್ಲಿಲ್ಲ. ವೋಟು ಹಾಕುವವನು ಅಂತ ಗೊತ್ತಾದಾಗ ಉತ್ತರ ಬರುವುದು ಹೆಚ್ಚಾಯಿತು. ರೇಷನ್ ಕಾರ್ಡು ಈಗ ಮನುಷ್ಯನ ಜೊತೆ ಪ್ರಯಾಣ ಮಾಡುತ್ತದೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆ 2022ಕ್ಕೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ವೋಟು ಇನ್ನೂ ಊರಲ್ಲೇ ಕೂತಿದೆ. ಅದಕ್ಕೇ ಎಲೆಕ್ಷನ್ ಬಂದಾಗ ಯಾದಗಿರಿ, ರಾಯಚೂರಿನಿಂದ ಬಸ್ಸು ಬರುತ್ತವೆ ಇವರನ್ನು ಕರೆದುಕೊಂಡು ಹೋಗಲು. ಶೆಡ್ಡಿಗೆ ನೀರಿನ ನಲ್ಲಿ ಮಾತ್ರ ಬರುವುದಿಲ್ಲ.

ಅಂಗಡಿಯವರ ಪುಸ್ತಕದಲ್ಲಿ ಇದಕ್ಕೆಲ್ಲ ಒಂದು ನಿಯಮ ಇದೆ ಅಂತ ಈಚೆಗೆ ಗೊತ್ತಾಯಿತು. ಶೆಡ್ಡಿನವರಿಗೆ 500 ರೂಪಾಯಿ ತನಕ ಸಾಲ, ಬಾಡಿಗೆ ಮನೆಯವರಿಗೆ 2,000. ಆಮೇಲೆ ಡಬ್ಬಿ ಕೂಗಬೇಕು. “ಲಿಮಿಟ್ ಇಲ್ಲದೋರು ಯಾರೂ ಇಲ್ವಾ?” ಅಂದೆ. “ಇದಾರೆ ಸಾರ್. ಬೀದಿ ಗಣೇಶಂಗೆ ಎರಡು ವರ್ಷ ಚಂದಾ ಕೊಟ್ಟೋರು” ಅಂದರು. ಹುಡುಗರು ಮನೆ ಮನೆಗೆ ಬಂದು ಹರಿಯುವ ರಸೀದಿ ಪುಸ್ತಕ ಅವರ ಅಂಗಡಿಯಲ್ಲೇ ಇರುತ್ತದೆ. ಯಾರು ಎಷ್ಟು ವರ್ಷದಿಂದ ಇದ್ದಾರೆ ಅಂತ ಅದೇ ಅವರ ಲೆಕ್ಕ. ಲಿಂಗಸುಗೂರಿನವರು ಹೋದ ವರ್ಷ 51 ರೂಪಾಯಿ ಕೊಟ್ಟಿದ್ದರು. ಈ ಸಲ ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಅಪಾರ್ಟ್‌ಮೆಂಟಿನ ಪ್ಲಾಸ್ಟರಿಂಗ್ ಮುಗಿಯಿತು. ಮೇಸ್ತ್ರಿ ಟೆಂಪೊ ತಂದ. ತಗಡು ಬಿಚ್ಚಿ ಹೇರಿಕೊಂಡು ಹೊಸಕೋಟೆ ಕಡೆ ಹೋದರು. ಗೀಟಿನ ತಗಡೂ ಅದರಲ್ಲೇ ಹೋಯಿತು.